ನಾಲ್ಕು ಸಾಲಿನ ಪ್ರಾರ್ಥನೆ

"ಆಟದೊಳಗಿನ ಆ ಪ್ರಾರ್ಥನೆ ಬರೆದೋರು ನೀವೇನಾ?"

ಬೆಳಿಗ್ಗೆ ಹತ್ತು ಗಂಟೆಗೆಲ್ಲ ಮೇಜಿನ ಮುಂದೆ ನಿಂತು ಹೀಗೆ ಕೇಳಿದ ಹೆಂಗಸನ್ನು ಕಥೆಗಾರ ತಲೆಯೆತ್ತಿ ನೋಡಿದ. ಸುಮಾರು ನಲವತ್ತೈದರ ಪ್ರಾಯ. ಕೊರಳಲ್ಲಿ ಅಳತೆ ಟೇಪು ಇನ್ನೂ ಜೋತಾಡುತ್ತಿತ್ತು. ಹೊಲಿಗೆ ಮಷೀನಿನಿಂದ ಎದ್ದವಳು ಸೀದಾ ಇಲ್ಲಿಗೇ ಬಂದಂತಿತ್ತು.

ಬಂತಪ್ಪಾ ಇನ್ನೊಂದು ಜಗಳ ಎಂದುಕೊಂಡ ಕಥೆಗಾರ. ಅವನು ಬರೆಯುತ್ತಿದ್ದುದು ಹೆದರಿಸುವ ವಿಡಿಯೊ ಗೇಮುಗಳಿಗೆ ಕಥೆ. ಪಾಳುಬಿದ್ದ ಪ್ರಾರ್ಥನಾ ಮಂದಿರ, ಕಣ್ಣು ಕಿತ್ತ ವಿಗ್ರಹ, ತನ್ನಷ್ಟಕ್ಕೆ ಬಾರಿಸುವ ಗಂಟೆ, ಇವಿಲ್ಲದೆ ಅವನ ಆಟ ಮುಂದಕ್ಕೇ ಹೋಗುತ್ತಿರಲಿಲ್ಲ. ಆಫೀಸಿನವರು ಅವನಿಗೆ ಇಟ್ಟ ಹೆಸರೇ ದೆವ್ವದಪ್ಪ. ದೇವರನ್ನು ಹೀಗೆ ಆಟಕ್ಕೆಳೆಯುವುದಾ ಎಂದು ಬೈಯಲು ತಿಂಗಳಿಗೊಬ್ಬರಾದರೂ ಹುಡುಕಿಕೊಂಡು ಬರುತ್ತಿದ್ದರು.

"ಅಮ್ಮಾ, ಅದು ಬರೀ ಆಟ. ಯಾರ ಮನಸ್ಸನ್ನೂ ನೋಯಿಸೋ ಉದ್ದೇಶ ನಮಗಿಲ್ಲ," ಎಂದು ಬಾಯಿಪಾಠ ಒಪ್ಪಿಸಿದ.

"ಜಗಳಕ್ಕೆ ಬಂದಿಲ್ಲಪ್ಪ. ಅದರ ಮುಂದಿನ ಭಾಗ ಬೇಕಿತ್ತು."

ಅವಳು ಕುರ್ಚಿಯ ತುದಿಯಲ್ಲಿ ಕೂತು ಒಂದು ಚೀಟಿ ಬಿಡಿಸಿದಳು. ಹಿಂದುಗಡೆ ಯಾರದೋ ಅಂಗಿಯ ಅಳತೆ, ಮುಂದುಗಡೆ ದುಂಡಗಿನ ಅಕ್ಷರದಲ್ಲಿ ಅವನದೇ ಸಾಲುಗಳು:

ಬಾಗಿಲಾಚೆ ನಿಂತವನೇ, ಬಾ.
ಕತ್ತಲನ್ನು ಬಲ್ಲವನೇ, ಬಾ.
ನನ್ನ ಹೆಸರು ನಿನಗೆ ಗೊತ್ತು.
ನನ್ನನ್ನು ಒಂಟಿ ಮಾಡಬೇಡ.

"ನನ್ನ ಮಗಳಿಗೆ ಹದಿನೇಳು ವರ್ಷ," ಎಂದಳು. "ತಲೆಯೊಳಗೆ ಗಡ್ಡೆ. ದಿನಾ ರೇಡಿಯೇಷನ್ ಕೊಡ್ತಾರೆ. ಮುಖಕ್ಕೆ ಬಲೆ ಥರದ ಮಾಸ್ಕು ಹಾಕಿ, ಹಲಗೆಗೆ ಬಿಗಿದು, ಎಲ್ಲರೂ ಆಚೆ ಬಂದು ಇಷ್ಟು ದಪ್ಪದ ಬಾಗಿಲು ಹಾಕ್ಕೋತಾರೆ. ಹೆತ್ತ ತಾಯಿ ನಾನೂ ಒಳಗಿರೋ ಹಾಗಿಲ್ಲ. ಹನ್ನೊಂದು ನಿಮಿಷ ಒಬ್ಬಳೇ. ಮೊದಲನೇ ದಿನ ಕಿರುಚಾಡಿಬಿಟ್ಟಳು, ಅರ್ಧಕ್ಕೇ ನಿಲ್ಲಿಸಿದ್ರು. ಆಮೇಲಿಂದ ತೆಪ್ಪಗೆ ಮಲಗ್ತಾಳೆ. ಅದೇನು ಮಾಡ್ತೀಯೇ ಅಂತ ಕೇಳಿದ್ರೆ, ಇದನ್ನ ಮನಸ್ಸಲ್ಲೇ ಹೇಳ್ಕೋತಾಳಂತೆ."

"ಇದನ್ನಾ?"

"ಹೂಂ. ಆದ್ರೆ ಇಪ್ಪತ್ತು ಸೆಕೆಂಡಿಗೆ ಮುಗಿದುಹೋಗುತ್ತೆ ನೋಡಿ. ಮೂವತ್ತಮೂರು ಸಲ ಹೇಳಬೇಕು. ಹೇಳಿ ಹೇಳಿ ಸವೆದುಹೋಯ್ತಮ್ಮ, ಮತ್ತೆ ಭಯ ಆಗ್ತಿದೆ ಅಂತಾಳೆ. ನಿನ್ನೆ ಮಧ್ಯದಲ್ಲಿ ಅಲುಗಾಡಿಬಿಟ್ಟಳು. ಹೀಗೇ ಆದ್ರೆ ನಿಲ್ಲಿಸಬೇಕಾಗುತ್ತೆ ಅಂದುಬಿಟ್ರು ಡಾಕ್ಟ್ರು. ಇನ್ನೂ ಹದಿನಾಲ್ಕು ದಿನ ಬಾಕಿ ಇದೆ. ಹನ್ನೊಂದು ನಿಮಿಷಕ್ಕೆ ಆಗೋಷ್ಟು ಬರೆದುಕೊಡಿ. ನಿಮಗೆ ಕೈ ಮುಗೀತೀನಿ."

ಕಥೆಗಾರ ಕ್ಯಾಂಟೀನಿನಲ್ಲಿ ಕಾಫಿ ಆರುವಷ್ಟರಲ್ಲಿ ಗೀಚಿದ ಸಾಲುಗಳು ಅವು. ಆಟದಲ್ಲಿ ಅದನ್ನು ಹೇಳಿದಾಗಲೆಲ್ಲ ಪಾಳು ಮಂದಿರದ ದೀಪ ಹೊತ್ತಿಕೊಳ್ಳುತ್ತದೆ, ಆಡುವವನ ಜೀವ ಉಳಿಯುತ್ತದೆ. ದೇವರ ಪ್ರಾರ್ಥನೆ ಎಂದೇ ಎಲ್ಲರೂ ನಂಬಿರುತ್ತಾರೆ. ಕೊನೆಯ ಹಂತದಲ್ಲಷ್ಟೇ ಗುಟ್ಟು ಬಯಲಾಗುವುದು: ಅದು ದೆವ್ವವನ್ನು ಕರೆಯುವ ಕೂಗು. ಒಂದು ಸಲ ಹೇಳಿದರೆ ಅದು ಒಂದು ಹೆಜ್ಜೆ ಹತ್ತಿರ ಬರುತ್ತದೆ. ಆ ತಿರುವಿಗೆ ಆಡುವವರೆಲ್ಲ ಬೆಚ್ಚಿಬಿದ್ದಿದ್ದರು. ಅವನು ತಿಂಗಳುಗಟ್ಟಲೆ ಕಾಲರ್ ಎತ್ತಿಕೊಂಡು ಓಡಾಡಿದ್ದ. ಈಗ ಹಲಗೆಗೆ ಬಿಗಿಸಿಕೊಂಡ ಒಂದು ಮಗು ದಿನಕ್ಕೆ ಮೂವತ್ತಮೂರು ಸಲ ಅದನ್ನೇ ಜಪಿಸುತ್ತಿದೆ! ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ತನ್ನನ್ನೇ ಬೈದುಕೊಂಡ.

ಏನೂ ಹೇಳದೆ ನಾಲ್ಕು ಸಾಲು ಗೀಚಿ ಕಳಿಸಿಬಿಡೋಣ ಎನ್ನಿಸಿತು. ಪೆನ್ನನ್ನೂ ತೆಗೆದ. ಆದರೆ ಎದುರಿಗೆ ಕೂತವಳ ಕಣ್ಣು ನೋಡಿದ ಮೇಲೆ ಕೈ ಓಡಲಿಲ್ಲ.

"ಅಮ್ಮಾ, ನೀವು ಕಪಾಳಕ್ಕೆ ಹೊಡೆದ್ರೂ ಸರಿ, ಹೇಳಿಬಿಡ್ತೀನಿ," ಎಂದ. "ಅದು ದೇವರ ಪ್ರಾರ್ಥನೆ ಅಲ್ಲ. ಬಾಗಿಲ ಹಿಂದಿರೋ ದೆವ್ವಾನ ಕರೆಯೋದು. ದಯವಿಟ್ಟು ಇವತ್ತಿಂದ ಬಿಟ್ಟುಬಿಡೋಕೆ ಹೇಳಿ. ಬೇರೆ ಒಳ್ಳೇದೇ ಬರೆದುಕೊಡ್ತೀನಿ, ದೇವರದ್ದು."

ಅವಳು ಕಿರುಚಲಿಲ್ಲ, ಬೈಯಲಿಲ್ಲ. ಚೀಟಿಯ ಮಡಿಕೆಯನ್ನು ಉಗುರಿನಿಂದ ನೇವರಿಸುತ್ತಾ ಕೂತಳು.

"ಗೊತ್ತಪ್ಪ. ಆಟ ಪೂರ್ತಿ ಆಡಿದ್ದಾಳೆ ಅವಳು. ಕೇಳಿ ನಾನೂ ಹೀಗೇ ಹೌಹಾರಿದೆ. ಹುಟ್ಟಿದಾಗಿಂದ ದೇವರ ಪ್ರಾರ್ಥನೆ ಎಷ್ಟು ಕಲಿಸಿಲ್ಲ ನಿನಗೆ, ಅದನ್ನ ಹೇಳ್ಕೊಳ್ಳೇ ಅಂತ ಬೈದೆ."

"ಏನಂದಳು?"

"ಮೊದಲನೇ ದಿನ ಅದನ್ನೇ ಹೇಳಿದ್ದೆ ಕಣಮ್ಮ, ಯಾರೂ ಬರಲಿಲ್ಲ ಅಂದಳು. ಇದಾದ್ರೆ ಕರೆದ ಕೂಡಲೇ ಬಂದು ಪಕ್ಕದಲ್ಲಿ ನಿಂತ್ಕೊಳ್ಳುತ್ತಂತೆ."

ಅವಳು ಚೀಟಿಯನ್ನು ಅವನ ಮುಂದೆ ಸರಿಸಿದಳು.

"ಬರೀರಪ್ಪ. ನನಗೆ ಬಾಗಿಲು ತೆಗೆಯೋವರೆಗೂ ಆ ದೆವ್ವ ಅವಳನ್ನ ಬಿಟ್ಟು ಕದಲಬಾರದು, ಹಾಗೆ ಬರೀರಿ."