ಒಂದು ನಂಬರಿಗೆ ಒಬ್ಬರು

“ನಿಲ್ಸಿ ಸಿಸ್ಟರ್!” ಮಗಳು ನರ್ಸಿನ ಮಣಿಕಟ್ಟನ್ನು ಗಬಕ್ಕನೆ ಹಿಡಿದಳು. ಸೂಜಿ ಅಮ್ಮನ ತೋಳಿನಿಂದ ಗೇಣು ದೂರದಲ್ಲಿ ನಿಂತಿತು. “ಈ ಇಂಜೆಕ್ಷನ್ ಅಮ್ಮಂಗೆ ಆಗಲ್ಲ, ಮೈಯೆಲ್ಲ ಊದ್ಕೊಳ್ಳುತ್ತೆ. ಹೋದ ವರ್ಷ ಇಲ್ಲೇ ಬರೆಸಿದ್ದೆ.”

“ಅಲರ್ಜಿ ಇಲ್ಲ ಅಂತಿದೆಯಲ್ಲ ಮೇಡಂ, ನೀವೇ ನೋಡಿ.” ನರ್ಸು ಸಿಡುಕುತ್ತಲೇ ಟ್ಯಾಬನ್ನು ಅವಳತ್ತ ತಿರುಗಿಸಿದಳು. ಹೆಸರು ಅಮ್ಮನದೇ, ಫೋನ್ ನಂಬರು ಮಗಳದು. ಹೋದ ತಿಂಗಳು ಚಿಕ್ಕಮ್ಮನ ಕಣ್ಣು ತೋರಿಸಲು ಬಂದಾಗಲೂ ಇದೇ ನಂಬರು ಕೊಟ್ಟಿದ್ದಳು. ಚಿಕ್ಕಮ್ಮನ ವಿವರಗಳು ಅಮ್ಮನವನ್ನು ಅಳಿಸಿ ಕೂತಿದ್ದವು. ಇವತ್ತು ಅಮ್ಮನನ್ನು ಸೇರಿಸುವಾಗ ಹೆಸರು ಮಾತ್ರ ಬದಲಾಗಿತ್ತು, ‘ಅಲರ್ಜಿ ಇಲ್ಲ’ ಎಂಬುದು ಚಿಕ್ಕಮ್ಮನದೇ ಉಳಿದಿತ್ತು.

ಅದು ಹಾಗೇ ಆಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಸ್ಪತ್ರೆಯ ಈ ಸಾಫ್ಟ್‌ವೇರ್ ಬರೆದವಳೇ ಅವಳು. ಮೂರು ವರ್ಷದ ಹಿಂದೆ, ಕೆಲಸದ ಮೊದಲ ದಿನ, ಬೋರ್ಡಿನ ಮೇಲೆ ‘ಒಂದು ನಂಬರಿಗೆ ಒಬ್ಬ ರೋಗಿ’ ಎಂದು ಗೀಚಿದಾಗ ಜೊತೆಗಾರ ಕೇಳಿದ್ದ: “ಒಂದೇ ಮನೆಯವರು ಇಬ್ರೂ ಒಂದೇ ನಂಬರ್ ಕೊಟ್ರೆ?” “ಮೊದಲು ಶುರು ಮಾಡೋಣ ಕಣೋ, ಅದನ್ನೆಲ್ಲ ಆಮೇಲೆ ನೋಡ್ಕೊಂಡ್ರಾಯ್ತು,” ಎಂದು ಅವಳು ಟೀ ಕುಡಿಯಲು ಎದ್ದಿದ್ದಳು.

“ಪುಣ್ಯಕ್ಕೆ ನೀವಿದ್ರಿ. ಡಾಕ್ಟರನ್ನ ಕೇಳ್ಕೊಂಡು ಬರ್ತೀನಿ,” ಎಂದು ನರ್ಸು ಸಿರಿಂಜನ್ನು ಟ್ರೇಗೆ ಹಾಕಿ ಹೊರಟಳು. ಮಗಳು ತಲೆಯೆತ್ತಿದಳು. ವಾರ್ಡಿನ ಉದ್ದಕ್ಕೂ ಮಂಚಗಳು. ಮಂಚಕ್ಕೊಬ್ಬರು ವಯಸ್ಸಾದವರು, ಪಕ್ಕದ ಸ್ಟೂಲಿನಲ್ಲಿ ಫೋನ್ ಹಿಡಿದು ಕೂತ ಮಗನೋ ಮಗಳೋ. ಕಿಟಕಿಯ ಬಳಿಯ ಸ್ಟೂಲು ಮಾತ್ರ ಖಾಲಿಯಿತ್ತು. ಇನ್ನೊಬ್ಬ ನರ್ಸು ಟ್ಯಾಬ್ ನೋಡಿಕೊಳ್ಳುತ್ತಾ, ಸಿರಿಂಜು ಹಿಡಿದು, ಆ ಮಂಚದತ್ತಲೇ ನಡೆಯುತ್ತಿದ್ದಳು.