ಬೆನ್ನ ಮೇಲಿನ ಕುಂಕುಮ

ಹಿಂದಿನ ದಿನ ಕೊಬ್ಬರಿ ಎಣ್ಣೆ ಸವರಿ ಜೇನುಪೆಟ್ಟಿಗೆಯ ತಳಕ್ಕೆ ಹಾಕಿದ್ದ ಬಿಳಿ ಹಾಳೆಯನ್ನು ಅನುಪಮಾ ಹೊರಗೆಳೆದಳು. ಜೇನು ಪರೀಕ್ಷಿಸಲು ತಿಪಟೂರಿನಿಂದ ಬಂದವಳು ಆಕೆ. ಹಾಳೆಯ ತುಂಬ ಕೆಂಪು ಚುಕ್ಕೆಗಳು ಉದುರಿದ್ದವು.

"ನೋಡುದ್ರಾ ಮೇಡಮ್ಮೋರೆ, ಕುಂಕುಮ!" ಪೆಟ್ಟಿಗೆಯ ಯಜಮಾನ ರಂಗಯ್ಯ ಮೀಸೆ ತಿರುವಿದ. "ನಮ್ಮಮ್ಮ ದೇವ್ರೇ ಬಂದು ಜೇನ್ಗಳ ಬೆನ್ನಿಗಿಟ್ಟೋಗವ್ಳೆ. ನಮ್ ಜೇನೆಲ್ಲಾ ಮುತ್ತೈದೇರು ಅಂತ ಇಡೀ ಚಿಕ್ಕನಾಯಕನಹಳ್ಳಿಗೇ ಹೇಳಿವ್ನಿ ಕಣ್ರವ್ವ."

ಅನುಪಮಾ ಭೂತಗನ್ನಡಿಯನ್ನು ಅವನ ಕೈಗಿತ್ತಳು. ರಂಗಯ್ಯ ನಗುತ್ತಲೇ ಬಗ್ಗಿ ನೋಡಿದ. ಕುಂಕುಮಕ್ಕೆ ಕಾಲುಗಳಿದ್ದವು. ಒಂದು ಚುಕ್ಕೆ ಎಣ್ಣೆಯಲ್ಲಿ ಕಾಲೆಳೆಯುತ್ತ ನಡೆಯುತ್ತಿತ್ತು. "ತೆಂಗಿಗೆ ನುಸಿ ಬಂತಲ್ಲ, ಇದು ಜೇನಿನ ನುಸಿ," ಎಂದಳು ಅನುಪಮಾ. "ಮರಿಗಳನ್ನೂ ಬಿಡದೆ ಹೀರುತ್ತೆ. ಈ ಪೆಟ್ಟಿಗೆನ ಬೇರೆ ಜೇನಿನ ಹತ್ರ ಇಡ್ಲೇಬೇಡಿ."

ರಂಗಯ್ಯ ಭೂತಗನ್ನಡಿಯನ್ನು ಕೆಳಗಿಟ್ಟ. ಗೌರಿ ಹಬ್ಬಕ್ಕೆ ಹಂದನಕೆರೆಯ ಮಗಳಿಗೆ ಬಾಗಿನದ ಜೊತೆ ಒಂದು ಜೇನುಪೆಟ್ಟಿಗೆಯನ್ನೂ ಕಳಿಸಿದ್ದ. ಅಲ್ಲಿ ಅವಳವೇ ಇಪ್ಪತ್ತು ಪೆಟ್ಟಿಗೆಗಳಿದ್ದವು.

"ಅಯ್ಯೋ ಮೇಡಮ್ಮೋರೆ," ಎಂದ, "ಮಗ್ಳಿಗೆ ಒಳ್ಳೇದಾಗ್ಲಿ ಅಂತ ಕುಂಕುಮ ಜಾಸ್ತಿ ಇರೋದ್ನೇ ಆರ್ಸಿ ಕೊಟ್ಬುಟ್ಟೆ."