ತನಿ ಶುರುವಾದೊಡನೆ

ಎಂ.ಎ. ಮೃದಂಗದ ಕೊನೆಯ ಪರೀಕ್ಷೆ. ಚಾರುಮತಿ ಪಾಸಾಗಬೇಕಾದರೆ ತನಿ, ಎಂದರೆ ಮೃದಂಗವೊಂದನ್ನೇ, ನುಡಿಸಿ ಮೆಚ್ಚಿಸಬೇಕು. ಗೆಳತಿ ಹಾಡು ಮುಗಿಸಿ ಸನ್ನೆ ಮಾಡಿದಳು. ಮೊದಲ ಪೆಟ್ಟು ಬಿದ್ದದ್ದೇ ತಡ, ಮೂವರು ಪರೀಕ್ಷಕರೂ ಎದ್ದು ಹೊರಟರು. ಸಂಗೀತ ಕಚೇರಿಗಳಲ್ಲಿ ತನಿ ಶುರುವಾದೊಡನೆ ಕಾಫಿಗೆ ಏಳುವುದು ಅವರ ಹಳೆಯ ರೂಢಿ.

ಅವಳು ಕ್ಯಾಂಟೀನಿಗೆ ಓಡಿದಳು. "ಸಾರ್, ಇವತ್ತು ಮಾರ್ಕ್ಸ್ ಇರೋದೇ ತನಿಗೆ!"

"ಅಯ್ಯೋ, ಕಾಲು ತಾನಾಗೇ ಎದ್ದುಬಿಡ್ತಮ್ಮ," ಎಂದರು ಹಿರಿಯ ಪರೀಕ್ಷಕರು. "ನಡಿ, ಬರ್ತೀವಿ."

"ಬೇಡ ಸಾರ್, ಮತ್ತೆ ಎದ್ದುಬಿಡ್ತೀರ. ಇಲ್ಲೇ ನುಡಿಸ್ತೀನಿ."

"ಅದೂ ಸರಿಯೇ. ಕಾಫಿ ಇಲ್ಲೇ ಇರೋವಾಗ ಇನ್ನೆಲ್ಲಿಗೆ ಹೋಗ್ತೀವಿ!"

ಅವಳು ಮೃದಂಗ ತಂದು ಇಡ್ಲಿ ಪಾತ್ರೆಯ ಪಕ್ಕದಲ್ಲಿ ಕೂತು ಶುರುಮಾಡಿದಳು. ಮೊದಲ ಪೆಟ್ಟಿಗೇ ಮೂವರೂ ಲೋಟ ಕೆಳಗಿಟ್ಟು ಎದ್ದು, ಪರೀಕ್ಷೆಯ ಕೋಣೆಯತ್ತ ನಡೆದರು.